ಮೊದಲು ಡಾಕ್ಟರರಿಗೇ ಸೂಜಿ

ನಿಜಾಮ ಸರಕಾರದಲ್ಲಿ ಡಾಕ್ಟರ್ ದೇವಿಂದ್ರಪ್ಪನವರು ಸೇಡಂ ಸೀಮೆಯ ಪ್ಲೇಗು ನಿವಾರಣೆಗೆ ಮುಖ್ಯಸ್ಥರಾಗಿದ್ದರು. ಹೈದರಾಬಾದಿನ ದೊಡ್ಡ ಹುದ್ದೆ ಇನ್ನೇನು ಕೈಗೆ ಬರುವುದರಲ್ಲಿತ್ತು. ಹೆಂಡತಿ ನೀಲಾಬಾಯಿ ಪಾತ್ರೆಪಗಡಗಳನ್ನು ಗೋಣಿಚೀಲಕ್ಕೆ ತುಂಬಿಯೂ ಆಗಿತ್ತು. ಅಷ್ಟರಲ್ಲಿ ಆಡಕಿ ಎಂಬ ಹಳ್ಳಿಯಲ್ಲಿ ಇಲಿಗಳು ಸತ್ತು ಬಿದ್ದವು.

ಕಂಪೌಂಡರ್ ಮೌಲಾಲಿಯನ್ನೂ ಲಸಿಕೆಯ ಪೆಟ್ಟಿಗೆಯನ್ನೂ ಕಟ್ಟಿಕೊಂಡು ಡಾಕ್ಟರರು ಅಲ್ಲಿಗೆ ಧಾವಿಸಿದರು. ಸೂಜಿ ಕಂಡದ್ದೇ ಊರು ಬಾಗಿಲು ಹಾಕಿಕೊಂಡಿತು. ಮಾಳಮ್ಮ ಎಂಬ ಮುದುಕಿಯೊಬ್ಬಳು ಮಾತ್ರ ಕಟ್ಟೆಯಿಂದ ಅಲುಗಲಿಲ್ಲ.

"ಮದ್ಲ ನೀವು ಚುಚ್ಚಿಸ್ಕೋರಿ ಸಾಹೇಬ್ರ. ನೀವು ಬದುಕಿದ್ರ ನಾವು ವಿಚಾರ ಮಾಡ್ತೀವಿ."

ಡಾಕ್ಟರರು ಅಂಗಿಯ ತೋಳು ಮಡಚಿ ಚುಚ್ಚಿಸಿಕೊಂಡರು. ಆದರೆ ಮುಂದಿನ ಓಣಿಯವರು ತಾವು ಅದನ್ನು ಕಣ್ಣಾರೆ ಕಂಡಿಲ್ಲವೆಂದರು. ಲಸಿಕೆ ಪದೇ ಪದೇ ತೆಗೆದುಕೊಳ್ಳುವಂಥದ್ದಲ್ಲ. ಇನ್ನು ಸೂಜಿಗೆ ಕಾಯಿಸಿ ಆರಿಸಿದ ನೀರು ತುಂಬು ಎಂದು ಡಾಕ್ಟರರು ಮೌಲಾಲಿಯ ಕಿವಿಯಲ್ಲಿ ಉಸುರಿದರು. ಮೌಲಾಲಿಗೋ ಎಲ್ಲಿಲ್ಲದ ಹುರುಪು. ಇಷ್ಟು ವರ್ಷ ಬೈಸಿಕೊಂಡದ್ದನ್ನೆಲ್ಲ ಸೂಜಿಯ ಮೊನೆಯಲ್ಲಿ ತೀರಿಸಿಕೊಳ್ಳುವವನಂತೆ ಓಣಿ ಓಣಿಯಲ್ಲೂ ಚುಚ್ಚಿದ. ಮಧ್ಯಾಹ್ನದ ಹೊತ್ತಿಗೆ ಡಾಕ್ಟರರ ತೋಳುಗಳು ಸೋರೆಕಾಯಿಯಂತೆ ಊದಿ, ಅವರು ಹೊಲದ ಬೆರ್ಚಪ್ಪನಂತೆ ಕೈ ಅಗಲಿಸಿಕೊಂಡು ನಡೆಯುತ್ತಿದ್ದರು.

ಹಿಂದೆ ಹಿಂದೆಯೇ ಬಂದು ಇದನ್ನೆಲ್ಲ ನೋಡುತ್ತಿದ್ದ ಮಾಳಮ್ಮನಿಗೆ ಬೇರೆಯೇ ಹೊಳೆಯಿತು.

"ಅಷ್ಟು ದೊಡ್ಡ ಸಾಹೇಬ ಓಣಿಗೊಮ್ಮೆ ಚುಚ್ಚಿಸ್ಕೊಳ್ಳಾಕತ್ತಾನಂದ್ರ ಅದು ಭಾಳ ತಾಕತ್ತಿನ ಔಷಧ ಇರಬೇಕು. ನಮ್ಮ ಪಾಲಿಂದು ತಾನೇ ಖಾಲಿ ಮಾಡಾಕತ್ತಾನ."

ಮಾತು ಕಾಳ್ಗಿಚ್ಚಿನಂತೆ ಹಬ್ಬಿತು. ಬಾಗಿಲುಗಳು ದಡದಡ ತೆರೆದವು. ಜನ ಒಬ್ಬರ ಮೇಲೊಬ್ಬರು ಬಿದ್ದು ತೋಳು ಚಾಚಿದರು. ಕೊನೆಯ ಓಣಿಯ ಸರದಿ ಬರುವ ಮೊದಲೇ ಲಸಿಕೆ ಮುಗಿಯಿತು.

ಅದೇ ಹೊತ್ತಿಗೆ ತಪಾಸಣೆಗೆಂದು ಹೈದರಾಬಾದಿನಿಂದ ಮೇಲಧಿಕಾರಿ ಸಿರಾಜುದ್ದೀನರ ಮೋಟಾರು ಬಂತು. ಕೊನೆಯ ಓಣಿಯವರು ಅದನ್ನು ಮುತ್ತಿ, ತಮ್ಮ ಔಷಧವನ್ನೆಲ್ಲ ಡಾಕ್ಟರನೇ ಮೈಗೇರಿಸಿಕೊಂಡನೆಂದು ದೂರಿದರು. ನಿಜವೇ ಎಂದು ಸಿರಾಜುದ್ದೀನರು ಕೇಳಿದರು.

ನೀರೆಂದು ಬಾಯಿಬಿಟ್ಟರೆ ಹುದ್ದೆ ಉಳಿಯುತ್ತದೆ. ಆದರೆ ಈ ಊರು ಮತ್ತೆಂದೂ ಸೂಜಿಯನ್ನು ನಂಬುವುದಿಲ್ಲ. ಡಾಕ್ಟರರು ತಲೆ ತಗ್ಗಿಸಿದರು.

"ಖರೆ ಅದರಿ. ನಾನೇ ತಗೊಂಡೀನಿ."

ಸಿರಾಜುದ್ದೀನರು ಮೋಟಾರಿನಲ್ಲಿದ್ದ ಪೆಟ್ಟಿಗೆ ಇಳಿಸಿ ಉಳಿದವರಿಗೂ ಲಸಿಕೆ ಹಾಕಿಸಿದರು. ಆಮೇಲೆ ಡಾಕ್ಟರರನ್ನು ಬೇವಿನ ಮರದ ಮರೆಗೆ ಕರೆದು, ಅಷ್ಟು ಲಸಿಕೆ ಮೈಗೇರಿದವರು ಹೀಗೆ ನಿಂತಿರುವುದುಂಟೇ, ಅದು ನೀರೇ ಅಲ್ಲವೇ ಎಂದು ಮೆಲ್ಲಗೆ ಕೇಳಿದರು. ಡಾಕ್ಟರರು ಹೂಂಗುಟ್ಟಿದರು. ಸಿರಾಜುದ್ದೀನರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಹೈದರಾಬಾದಿನ ಕುರ್ಚಿಗೆ ಯಾರಾದ್ರೂ ಸಿಗ್ತಾರ. ಸೂಜಿ ಬೇಕಂತ ಮಂದಿ ಜಗಳ ಆಡೋಹಂಗ ಮಾಡೋ ಡಾಕ್ಟರ್ ಎಲ್ಲಿ ಸಿಗ್ಬೇಕು? ಚಿಂಚೋಳಿ ಅಡವಿ ಕಡೀನೂ ಇಲಿ ಬಿದ್ದಾವಂತ. ನಾಳೆ ಹೊಂಡ್ರಿ."

ಬೇಡವೆಂದು ಕೈಮುಗಿಯಲು ಡಾಕ್ಟರರು ಹೆಣಗಿದರು. ಕೈಗಳು ಮೇಲೇಳಲಿಲ್ಲ. ಸಿರಾಜುದ್ದೀನರು ಅದನ್ನೇ ಒಪ್ಪಿಗೆಯೆಂದು ತಿಳಿದು, ಊದಿದ ತೋಳನ್ನು ಮೆಚ್ಚುಗೆಯಿಂದ ತಟ್ಟಿದರು.