ನಾಯಿ ಬೊಗಳಿದ ಏಕೈಕ ಹಾಡು

ಗ್ಲೆನಿಸ್‌ಗೆ ಮದುವೆಯಾಗಿ ಇಪ್ಪತ್ತಾರು ವರ್ಷ. ಅಷ್ಟೂ ವರ್ಷ ಅವಳ ಗಂಡ ಕ್ಲಿಫರ್ಡ್‌ನದು ಒಂದೇ ಪಾಠ: ಗಾಯಕ ಸೀನಿದ ಏಕೈಕ ಹಿಟ್ ಹಾಡು, ಗಾಯಕಿ ನಿದ್ದೆಹೋದ ಏಕೈಕ ಹಿಟ್ ಹಾಡು... ಹೆರಿಗೆ ವಾರ್ಡಿನಲ್ಲೂ ಮಗುವಿನ ಕಿವಿಗೆ ಮೊದಲು ಬಿದ್ದದ್ದು ಇಂಥದ್ದೇ. (ಮಗು ಅತ್ತಿತು. ಗ್ಲೆನಿಸ್ ಆಗಲೇ ಅತ್ತು ಮುಗಿಸಿದ್ದಳು.)

ಈ ಸಲ ಕ್ರಿಸ್‌ಮಸ್‌ಗೆ ಟರ್ಕಿ ಕೋಳಿ ಹೇಳಿಡಬೇಕಾದ ದಿನ ಮಹಾಶಯ ರೇಡಿಯೊದಲ್ಲಿ ವಾರದ ಟಾಪ್ ನಲವತ್ತು ಹಾಡು ಕೇಳುತ್ತ ಕೂತುಬಿಟ್ಟ. ಈಗ ಅಂಗಡಿಗಳೆಲ್ಲ ಖಾಲಿ, ನಾಳೆ ಮಧ್ಯಾಹ್ನ ಊಟಕ್ಕೆ ಗ್ಲೆನಿಸ್‌ಳ ಅಮ್ಮ ಬರುತ್ತಾಳೆ! ಇಡೀ ಆಕ್ರಿಂಗ್ಟನ್ ಊರಿನಲ್ಲಿ ಉಳಿದಿದ್ದ ಟರ್ಕಿ ಒಂದೇ ಒಂದು, ಅದೂ ಪಬ್ಬಿನ ಹಬ್ಬದ ಕ್ವಿಜ್‌ನ ಬಹುಮಾನ. ಸರಿ, ಸಂಜೆಗೇ ಗಂಡನನ್ನು ಎಳೆದುಕೊಂಡು ಹೋಗಿ ಕೂತಳು.

"ಇಪ್ಪತ್ತನೇದು, ಕೊನೇದು," ಎಂದ ಪಬ್ಬಿನ ಒಡೆಯ ಬರ್ನಾರ್ಡ್. "ನಾಯಿ ಬೊಗಳೋ ಏಕೈಕ ನಂಬರ್ ಒನ್ ಹಾಡು ಯಾವುದು?"

ಗ್ಲೆನಿಸ್ ಥಟ್ಟನೆ 'ಬಿಸ್ಕತ್ತಿನ ಸೋಮವಾರ' ಎಂದು ಬರೆದಳು.

"ಅಯ್ಯೋ, ಅದು ನಾಯಿ ಅಲ್ಲ ಕಣೇ! ಡ್ರಮ್ ಬಾರಿಸೋನು ಬೊಗಳಿದ್ದು! ನಿಜವಾದ ನಾಯಿ ಇರೋದು 'ದೀಪದ ಮನೆ ಹುಡುಗಿ'ಲಿ!" ಎಂದು ಕ್ಲಿಫರ್ಡ್ ಪಿಸುಗುಟ್ಟಿದ. (ಅವನ ಪಿಸುಮಾತು ಬಸ್ ಸ್ಟಾಪಿನವರೆಗೂ ಕೇಳುತ್ತದೆ.)

"ಬರ್ನಾರ್ಡ್ ಚೀಟಿಲಿ ಯಾವುದಿರತ್ತೆ?"

"...ಸೋಮವಾರಾನೇ ಇರತ್ತೆ, ಪಾಪ."

"ಹಾಗಾದ್ರೆ ಬಾಯ್ಮುಚ್ಕೊಂಡು ಕೂತ್ಕೋ ಚಿನ್ನ. ನಂಗೆ ನಾಯಿ ಬೇಡ, ಕೋಳಿ ಬೇಕು."

ಇನ್ನು ಪದ್ಧತಿಯಂತೆ ಹಾಳೆ ಅದಲುಬದಲು. ಅವರ ಹಾಳೆಯನ್ನು ಪಕ್ಕದ ಮೇಜಿನ ಥ್ವೇಟ್ ದಂಪತಿ ತಿದ್ದಬೇಕು, ಥ್ವೇಟ್‌ರದನ್ನು ಇವರು. ಬರ್ನಾರ್ಡ್ ಒಂದೊಂದೇ ಉತ್ತರ ಓದಿದ. ಎರಡೂ ಹಾಳೆಗಳಲ್ಲಿ ಹತ್ತೊಂಬತ್ತಕ್ಕೆ ಹತ್ತೊಂಬತ್ತು ಸರಿ! ಇಪ್ಪತ್ತನೆಯದಕ್ಕೆ ಬರ್ನಾರ್ಡ್ 'ಬಿಸ್ಕತ್ತಿನ ಸೋಮವಾರ' ಎಂದ. ಥ್ವೇಟ್ ದಂಪತಿ ಬರೆದಿದ್ದುದು 'ದೀಪದ ಮನೆ ಹುಡುಗಿ'. (ಆ ಪಿಸುಮಾತು!) ಅದಕ್ಕೊಂದು ಇಂಟು ಗೀಚಿದರೆ ಟರ್ಕಿ ಮನೆಗೆ.

ಕ್ಲಿಫರ್ಡ್‌ನ ಪೆನ್ನು ಗಾಳಿಯಲ್ಲೇ ನಿಂತಿತು.

"ಹಾಕು ಇಂಟು."

"ಆಗ್ತಿಲ್ಲ ಗ್ಲೆನಿಸ್. ಸರಿ ಉತ್ತರ ಕಣೇ ಇದು. ಕೈ ಬರ್ತಿಲ್ಲ."

"ಕೊಡಿಲ್ಲಿ, ನಂಗೆ ಚೆನ್ನಾಗೇ ಬರತ್ತೆ!"

ಅಷ್ಟರಲ್ಲಿ ಪುಣ್ಯಾತ್ಮ ಎದ್ದೇಬಿಟ್ಟಿದ್ದ. ಕೋಟಿನೊಳಗಿಂದ 'ಬಿಸ್ಕತ್ತಿನ ಸೋಮವಾರ'ದ ರೆಕಾರ್ಡಿನ ಹೊದಿಕೆಯನ್ನೇ ತೆಗೆದ. (ಕೊಡೆ ಮರೆಯುತ್ತಾನೆ, ಇದನ್ನಲ್ಲ.) ಬರ್ನಾರ್ಡ್ ಕನ್ನಡಕ ಏರಿಸಿ, ಅದರ ಅಡಿಯಲ್ಲಿದ್ದ ಇರುವೆ ಗಾತ್ರದ ಅಕ್ಷರಗಳನ್ನು ಗಟ್ಟಿಯಾಗಿ ಓದಿದ: "ಬೊಗಳಿದವರು, ಡ್ರಮ್ಮಿನ ರೆಜ್."

ಪಬ್ಬಿಗೆ ಪಬ್ಬೇ ಚಪ್ಪಾಳೆ! ಕ್ಲಿಫರ್ಡ್ ತಲೆಬಾಗಿ ವಂದಿಸಿದ. ಸತ್ಯ ಗೆದ್ದಿತು, ಅದರ ಜೊತೆಗೆ ಥ್ವೇಟ್ ದಂಪತಿಯೂ ಗೆದ್ದರು. ಟರ್ಕಿಯು ಗ್ಲೆನಿಸ್‌ಳ ತಲೆಯ ಮೇಲಿಂದಲೇ ಪಕ್ಕದ ಮೇಜಿಗೆ ದಯಮಾಡಿಸಿತು.

ಮರುದಿನ ಹಬ್ಬದ ಮೇಜಿನ ಮೇಲೆ ಸಾಸೇಜು, ಬೇಯಿಸಿದ ಆಲೂಗಡ್ಡೆ.

"ಟರ್ಕಿ ಎಲ್ಲೇ?" ಅಮ್ಮ ಕೇಳಿದಳು.

ಗ್ಲೆನಿಸ್ ನಾಯಿಯಿಂದ ಹಿಡಿದು ರೆಜ್‌ವರೆಗೆ ಎಲ್ಲ ಹೇಳಿ ಮುಖ ಮುಚ್ಚಿಕೊಂಡಳು. ಅಮ್ಮ ಒಂದು ಸಾಸೇಜು ಮುಗಿಸಿದಳು. ಎರಡನೆಯದನ್ನೂ ಮುಗಿಸಿ ಬಾಯಿ ಒರೆಸಿಕೊಂಡಳು.

"ಬೇಜಾರು ಮಾಡ್ಕೋತೀಯಾಂತ ಇಷ್ಟು ವರ್ಷ ಸುಮ್ನಿದ್ದೆ ಮಗಳೇ. ನಿನ್ನ ಟರ್ಕಿ ಒಂದು ತುಂಡು ಗಂಟಲಲ್ಲಿ ಇಳೀಬೇಕಾದ್ರೆ ಮೂರು ಲೋಟ ನೀರು ಬೇಕು. ಇನ್ನೆರಡು ಸಾಸೇಜ್ ಹಾಕು. ಮುಂದಿನ ವರ್ಷಾನೂ ಅಳಿಯಂದಿರನ್ನ ಕ್ವಿಜ್‌ಗೆ ಕಳಿಸು."