ಅಸ್ತು ದೇವತೆಗಳಿಗೆ ಬಾರದ ಭಾಷೆ

ಆ ಭಾನುವಾರ ಮಧ್ಯಾಹ್ನ ನಾಲ್ಕು ಹತ್ತಕ್ಕೆ ನಮ್ಮ ಅತ್ತಿಗೆಯ ಬಾಯಲ್ಲಿ ಇಡೀ ಯೂರೋಪ್ ಖಾಲಿಯಾಯಿತು. ನಗಬೇಡಿ!

ಎಪ್ಪತ್ತರ ದಶಕ. ಅಮೆರಿಕದ ಆಸ್ಟಿನ್‌ನಲ್ಲಿ ಓದುತ್ತಾ ನಾನು ಅಣ್ಣನ ಮನೆಯಲ್ಲೇ ಇದ್ದೆ. ಅತ್ತಿಗೆಗೆ ಲೈಬ್ರರಿಯಲ್ಲಿ ನಿಘಂಟುಗಳನ್ನು ಜೋಡಿಸುವ ಕೆಲಸ. ಕೆಟ್ಟದ್ದು ನುಡಿದರೆ ಅಸ್ತು ದೇವತೆಗಳು ‘ಅಸ್ತು’ ಎಂದುಬಿಡುತ್ತಾರೆ, ಅದು ನಿಜವಾಗುತ್ತದೆ ಅಂತ ನಮ್ಮಲ್ಲಿ ಎಲ್ಲರೂ ಹೆದರುತ್ತಾರೆ. ಅತ್ತಿಗೆ ಇನ್ನೂ ಒಂದು ಹೆಜ್ಜೆ ಮುಂದೆ. ದೇವತೆಗಳಿಗೆ ಸಂಸ್ಕೃತ, ಕನ್ನಡ ಬರುತ್ತದೆ. ಬ್ರಿಟಿಷರು ಬಂದುಹೋದ ಮೇಲೆ ಇಂಗ್ಲಿಷೂ ಬಂದಿರುತ್ತದೆ. ಆದ್ದರಿಂದ ಕಾಯಿಲೆಗಳ ಹೆಸರನ್ನು ಝೆಕ್ ಭಾಷೆಯಲ್ಲೇ ಹೇಳಬೇಕು! ಫ್ಲೂಗೆ ‘ಖ್ರ್‌ಝಿಪ್ಕ’. ನಾನು ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಜ್ವರವೇ ಬಿಟ್ಟಿರುತ್ತಿತ್ತು.

ಅಣ್ಣನ ಹೃದಯದ ಬಗ್ಗೆ ಡಾಕ್ಟರು ಎಚ್ಚರಿಸಿದಾಗ ಅತ್ತಿಗೆ ಹೃದಯಾಘಾತಕ್ಕೆ ಪದ ಹುಡುಕಿದರು. ಝೆಕ್‌ನಲ್ಲಿ ‘ಇನ್‌ಫಾರ್ಕ್ಟ್’. ರಷ್ಯನ್, ಬಲ್ಗೇರಿಯನ್, ಜರ್ಮನ್, ಎಲ್ಲಿ ನೋಡಿದರೂ ಅದೇ!

“ಎಲ್ಲರೂ ಲ್ಯಾಟಿನ್‌ನಿಂದ ಎರವಲು ತಂದಿದ್ದಾರೆ ಕಣೋ! ದೇವತೆಗಳು ಒಂದು ಪದ ಕಲಿತರೆ ಹತ್ತು ದೇಶ ಮುಗೀತು.”

“ಹಾಗಾದ್ರೆ ನನ್ನ ಕಾಯಿಲೆಗೆ ಪಾಸ್‌ಪೋರ್ಟೇ ಬೇಡ ಅನ್ನು,” ಎಂದ ಅಣ್ಣ.

“ಬಿಡ್ತು ಅನ್ನಿ!”

ಕೊನೆಗೆ ಪೋಲಿಷ್‌ನಲ್ಲಿ ಬೇರೆ ಪದ ಸಿಕ್ಕಿತು: ‘ಝವಾವ್’. ಅಂದಿನಿಂದ ಪೋಲೆಂಡ್ ಮೇಲೆ ಅವರಿಗೆ ತವರುಮನೆಯಷ್ಟು ಅಭಿಮಾನ.

ಆ ಭಾನುವಾರ ಹತ್ತಿರದ ಟೇಲರ್ ಎಂಬ ಊರಿನಿಂದ ವಾಪಸ್ ಬರುವಾಗ ಅಣ್ಣ ಡ್ರೈವ್ ಮಾಡುತ್ತಿದ್ದ. ಮಾತಿನ ಮಧ್ಯೆ ಅವನ ತಲೆ ಬಾಗಿತು. ಕಾರು ಎಡಕ್ಕೆ ವಾಲಿತು, ಎದುರಿಗೆ ಲಾರಿ! ಪಕ್ಕದಲ್ಲಿದ್ದ ನಾನು ಸ್ಟೇರಿಂಗ್ ಎಳೆದೆ. ಆ ಹಾರ್ನ್ ಈಗಲೂ ನನ್ನ ಕಿವಿಯಲ್ಲಿದೆ. ಹಿಂದಿನ ಸೀಟಿನಿಂದ ಅತ್ತಿಗೆ ಅಣ್ಣನ ಎದೆಯನ್ನು ತಬ್ಬಿ ಹಿಡಿದಿದ್ದರು. ಒಂದು ಪದವೂ ಹೊರಡಲಿಲ್ಲ. ಪೋಲಿಷ್ ಕೂಡ.

ಆಸ್ಪತ್ರೆಯಲ್ಲಿ ಅವನು ಗಾಜಿನ ಆ ಕಡೆ, ನಾವು ಈ ಕಡೆ. ಅತ್ತಿಗೆ ಬೆಂಚಿನ ಮೇಲೆ ನೆಟ್ಟಗೆ ಕೂತು ಏನೋ ಹೇಳಿಕೊಳ್ಳುತ್ತಿದ್ದರು.

“ಸ್ವಲ್ಪ ಒರಗಿಕೊಳ್ಳಿ ಅತ್ತಿಗೆ.”

“ಸುಮ್ನಿರೋ, ಕೆಲಸದಲ್ಲಿದ್ದೀನಿ.”

ಹತ್ತಿರ ಹೋಗಿ ಕೇಳಿದೆ. ಅಚ್ಚ ಕನ್ನಡ! ಮಗುವಿಗೆ ಪಾಠ ಹೇಳುವ ಹಾಗೆ, ನಿಧಾನವಾಗಿ: “ಇವರು ಮನೆಗೆ ಬರ್ತಾರೆ. ಸಾರಿಗೆ ಉಪ್ಪಿಲ್ಲ ಅಂತ ರೇಗ್ತಾರೆ. ನನ್ನನ್ನ ಹೆಸರು ಹಿಡಿದು ಕೂಗ್ತಾರೆ.” ಒಂದೊಂದು ಮಾತಿನ ಕೊನೆಗೂ ಕತ್ತೆತ್ತಿ ಒಂದು ಕ್ಷಣ ಕಾಯುತ್ತಿದ್ದರು. ಮೇಲಿನವರಿಗೂ ಉತ್ತರಿಸಲು ಸಮಯ ಬೇಕಲ್ಲ!

ಅಣ್ಣ ಮನೆಗೆ ಬಂದ. ಬಂದಮೇಲೂ ಅವನು ಮಗ್ಗುಲು ಬದಲಿಸಿದರೆ ಸಾಕು, ನಾವಿಬ್ಬರೂ ಎದ್ದು ಕೂರುತ್ತಿದ್ದೆವು. ಹೀಗೇ ಎಷ್ಟು ವಾರ ಕಳೆಯಿತೋ. ಒಂದು ಶುಕ್ರವಾರ ನಾನು ಕಣ್ಣು ಬಿಟ್ಟಾಗ ಹಾಸಿಗೆಯ ಮೇಲೆಲ್ಲ ಬಿಸಿಲು. ರಾತ್ರಿ ಒಮ್ಮೆಯೂ ಎಚ್ಚರವಾಗಿರಲಿಲ್ಲ! ಗಾಬರಿಯಿಂದ ಓಡಿದೆ. ಅಣ್ಣ ಕೋಣೆಯ ಬಾಗಿಲಲ್ಲಿ ನಿಂತಿದ್ದ, ತುಟಿಯ ಮೇಲೆ ಬೆರಳು.

“ಶ್... ಗೊರಕೆ ಹೊಡೀತಿದಾಳೆ ಕಣೋ.”

ಅಲ್ಲೇ ನಿಂತು ಇಬ್ಬರೂ ಕೇಳಿದೆವು.