ಪದೇ ಪದೇ ಮೂರ್ಛೆ ಹೋಗುವ ಕಂಪ್ಯೂಟರ್ ಮಹಾಶಯರಿಗೆ

ಮಾನ್ಯರೇ,

ಸಾಷ್ಟಾಂಗ ನಮಸ್ಕಾರಗಳು. ಇಲ್ಲ, ನಾನು ತಮ್ಮನ್ನು ಒದ್ದಿಲ್ಲ, ತಮ್ಮೊಳಗೆ ಗೇಮ್ ತುಂಬಿಲ್ಲ, ತಮ್ಮ ಮೇಲೆ ಚಹಾ ಚೆಲ್ಲಿಲ್ಲ. ಚೆಲ್ಲುವಷ್ಟು ಚಹಾ ಈ ಟೈಪಿಂಗ್ ಅಂಗಡಿಯಲ್ಲಿ ನನಗೆ ಯಾರೂ ಕೊಟ್ಟೂ ಇಲ್ಲ. ಆದರೂ ತಾವು ಕೆಲಸದ ನಡುವೆ ಪಟ್ಟನೆ ಕಣ್ಣು ಮುಚ್ಚಿ, ಏನೂ ಆಗಿಯೇ ಇಲ್ಲ ಎಂಬಂತೆ ಮತ್ತೆ ಮೊದಲಿನಿಂದ ಶುರುವಾಗುವುದಕ್ಕೆ ನಾನೇ ಕಾರಣ ಅಂತ ತಮ್ಮ ಮಾಲೀಕರು, ಅಂದರೆ ನನ್ನ ಚಿಕ್ಕಪ್ಪ, ತೀರ್ಪು ಕೊಟ್ಟಾಗಿದೆ. ಅವರ ತರ್ಕ ಬಲು ಸೊಗಸು: "ನಾನು ಕೂತ್ರೆ ಬೆಕ್ಕಿನ ಮರಿ ಹಾಗಿರುತ್ತೆ. ನಾನು ಆಚೆ ಹೋದ್ನೋ ಇಲ್ವೋ, ಸತ್ತು ಬೀಳುತ್ತೆ. ಅಂದ್ರೆ ಏನೋ ಅರ್ಥ? ಎಲ್ಲಾ ನಿನ್ನ ಕೈಗುಣ!" ಇವತ್ತೇ ನನ್ನ ಕೊನೆಯ ದಿನ ಎಂದೂ ಸಾರಿದ್ದಾರೆ, ಅದೂ ಗಿರಾಕಿಗಳ ಮುಂದೆ. ಕೆಲಸ ಹೋದರೆ ಹಾಳಾಗಿ ಹೋಗಲಿ. ಯಂತ್ರ ಕೆಡಿಸುವವನು ಅಂತ ಹೆಸರು ಬಿದ್ದ ಮೇಲೆ ಈ ಬೀದಿಯಲ್ಲಿ ಯಾವನು ನನ್ನ ಕೈಗೆ ಒಂದು ಮೌಸ್ ಕೊಡುತ್ತಾನೆ?

ಶಾಲೆ ಅರ್ಧಕ್ಕೆ ಬಿಟ್ಟ ದಡ್ಡ ನಾನು, ಒಪ್ಪಿದೆ. ಆದರೆ ತಮ್ಮ ಸೇವೆಯಲ್ಲಿ ಏನು ಕಮ್ಮಿ ಮಾಡಿದೆ, ತಾವೇ ಹೇಳಿ. ತಮಗೆ ಸೆಕೆಯೇನೋ ಎಂದು ಹೊಟ್ಟೆ ಬಿಚ್ಚಿ, ಫ್ಯಾನಿಗೆ ಮೆತ್ತಿಕೊಂಡಿದ್ದ ಧೂಳನ್ನು ಬ್ರಶ್ಶಿನಿಂದ ತೆಗೆದೆ. ಮೆಮೊರಿ ಪಟ್ಟಿ ಸಡಿಲವೇನೋ ಎಂದು ಕಿತ್ತು, ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಅಂಗಡಿಯ ಕರೆಂಟೇ ಸರಿಯಿಲ್ಲವೇನೋ ಎಂದು ಪಕ್ಕದ ಟೈಲರಣ್ಣನ ಬೋರ್ಡಿನಿಂದ ವೈರೆಳೆದೆ, ಅವನ ಇಸ್ತ್ರಿಪೆಟ್ಟಿಗೆ ತಣ್ಣಗಾಗಿ ಬೈಗುಳ ಬಿಸಿಯಾಯಿತು. ತಾವು ಮಾತ್ರ ಬೀಳುವುದನ್ನು ಬಿಡಲಿಲ್ಲ.

ಕೊನೆಗೆ ತಮ್ಮ ಬೆನ್ನ ಹಿಂದೆ ಕೈಹಾಕಿದೆ. ವೈರು ಚುಚ್ಚುವ ಜಾಗ ಸುಟ್ಟು ಸಡಿಲವಾಗಿದೆ. ಮೇಜು ಅದುರಿದರೆ ಸಾಕು, ತಮ್ಮ ಜೀವ ಹಾರುತ್ತದೆ. ಮೇಜು ಯಾಕೆ ಅದುರುತ್ತದೆ? ಅದರ ಒಂದು ಕಾಲು ಮೋಟು. ಕಾಲು ರಿಪೇರಿ ಮಾಡಿಸುವ ಬದಲು ಇಡೀ ಮೇಜನ್ನೇ ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆದು ನಿಲ್ಲಿಸಿದ ಮಹಾ ಇಂಜಿನಿಯರು ನಮ್ಮ ಚಿಕ್ಕಪ್ಪ. ಗಿರಾಕಿಗಳು ಪಾಪ, ಬಾಗಿಲನ್ನು ಮೆಲ್ಲಗೆ ಹಾಕಿಕೊಂಡು ಹೋಗುತ್ತಾರೆ. ಚಿಕ್ಕಪ್ಪ ಹಾಕುವುದಿಲ್ಲ, ಅಪ್ಪಳಿಸುತ್ತಾರೆ. ಯಜಮಾನರು ಹೊರಟರು ಅಂತ ಬೀದಿಗೆಲ್ಲ ಗೊತ್ತಾಗಬೇಕಲ್ಲ.

"ಚಿಕ್ಕಪ್ಪಾ, ಬಾಗಿಲು ಸ್ವಲ್ಪ ಮೆಲ್ಲಗೆ ಹಾಕಿ" ಎಂದೆ. "ನನ್ನ ಅಂಗಡಿ, ನನ್ನ ಬಾಗಿಲು! ನೆಟ್ಟಗೆ ಒಂದು ಕ್ಲಾಸು ಪಾಸಾಗದವನು ನಂಗೆ ಬಾಗಿಲು ಹಾಕೋದು ಕಲಿಸ್ತೀಯೇನೋ?" ಎಂದು ಧಡಾರನೆ ಅಪ್ಪಳಿಸಿ ನಡೆದರು. ತಾವು ತಕ್ಷಣ ಕಣ್ಣು ಮುಚ್ಚಿದಿರಿ. ತಿರುಗಿ ಬಂದವರು ತಮ್ಮ ಮುಖ ನೋಡಿ, "ನೋಡಿದ್ಯಾ? ಮತ್ತೆ ಕೆಡಿಸಿದ್ದೀಯ!"

ಮಾನ್ಯರೇ, ತಮ್ಮ ಸ್ವಾಮಿನಿಷ್ಠೆಗೆ ಯಾವ ನಾಯಿಯೂ ಸಾಟಿಯಲ್ಲ. ಒಡೆಯ ಕೊಟ್ಟ ಏಟಿಗೆ ಬೀಳುತ್ತೀರಿ, ತಪ್ಪನ್ನು ನನ್ನ ತಲೆಗೆ ಕಟ್ಟುತ್ತೀರಿ. ಆದ್ದರಿಂದ ಸಣ್ಣದೊಂದು ಬೇಡಿಕೆ: ದಯವಿಟ್ಟು ಬಾಯಿ ಬಿಟ್ಟು ಸಾಕ್ಷಿ ಹೇಳಿ, ಆಗದಿದ್ದರೆ ಪರದೆಯ ಮೇಲೆ "ನನ್ನನ್ನು ಕೊಂದದ್ದು ಬಾಗಿಲು" ಎಂದು ಬರೆದಿಟ್ಟು ಸಾಯಿರಿ, ಅದೂ ಆಗದಿದ್ದರೆ, ಒಂದೇ ಒಂದು ಸಲ, ಮಾಲೀಕರ ಕಣ್ಣೆದುರಿಗೇ ಪ್ರಾಣ ಬಿಡುವ ಸೌಜನ್ಯ ತೋರಿಸಿ.

ಗಿರಾಕಿಗಳ ಬೆಂಚಿನಲ್ಲಿ ಕೂತು, ಹಾಳಾದ ಪ್ರಿಂಟಿನ ಹಿಂಬದಿಯಲ್ಲಿ ನಾನಿದನ್ನು ಬರೆಯುತ್ತಿರುವಾಗ ಚಿಕ್ಕಪ್ಪ ತಮ್ಮ ಮುಂದೆಯೇ ಕೂತಿದ್ದಾರೆ. ವರ್ತಕರ ಸಂಘದ ಅಧ್ಯಕ್ಷರಾದ ಖುಷಿಗೆ ನಾಳೆ ಬಿಗಿಯಲಿರುವ ಭಾಷಣವನ್ನು ಬೆಳಿಗ್ಗೆಯಿಂದ ಒಂದೇ ಬೆರಳಲ್ಲಿ ಕುಟ್ಟುತ್ತಿದ್ದಾರೆ. ಸೇವ್ ಮಾಡಿಕೊಳ್ಳಿ ಎಂದೆ, ಚಿಕ್ಕಪ್ಪನಲ್ಲವೇ. "ನಾನು ಕೂತಿರುವಾಗ ಆಫ್ ಆಗೋಕೆ ಅದಕ್ಕೆಷ್ಟು ಧೈರ್ಯ!" ಅಂದರು. ಧೈರ್ಯದ ಮಾತು ಎತ್ತಿದ್ದು ಅವರು, ನಾನಲ್ಲ.

ತಮ್ಮ ವಿಶ್ವಾಸಿ,
ಇವತ್ತಿನವರೆಗೂ ಈ ಅಂಗಡಿಯ ದಂಡಪಿಂಡ

ತಾ.ಕ.: ಇದು ಬಹಿರಂಗ ಪತ್ರವಾದ್ದರಿಂದ ಬಾಗಿಲಿನ ಹೊರಮೈಗೆ ಅಂಟಿಸಿ ಹೊರಡುತ್ತಿದ್ದೇನೆ. ಅಂಗಡಿಯ ಗೋಂದು ಬರೀ ನೀರು. ಅಂಚನ್ನು ಸಂದಿಗೆ ಸಿಕ್ಕಿಸಿದ ಕಾಗದ ಬೀಳದೆ ನಿಲ್ಲಬೇಕಾದರೆ ಬಾಗಿಲನ್ನು ಮಾಲೀಕರ ಪದ್ಧತಿಯಲ್ಲೇ ಹಾಕಬೇಕಾಗುತ್ತದೆ. ತಾವು ಸಿದ್ಧರಾಗಿರಿ.